ಅಜ್ಜಿಯ ಗಿಡ್ಡ ದನ ಮತ್ತೆ ಹುಟ್ಟಿ ಬರುತ್ತಾ?

ಓದುಗರ ಪ್ರಶ್ನೆ, ದನದ ಡಾಕ್ಟರ ಉತ್ತರ

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. ತುಂಬಿಸಲಿಕ್ಕೆ ಅಂತ 'ಗಂಗಾ' ಎಂಬ ಕರುವಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹರಿಯಾಣದ ಕರ್ನಾಲದಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2023ರ ಮಾರ್ಚ್ 16ರಂದು ಹುಟ್ಟಿದ ಗಿರ್ ತಳಿಯ ಹೆಣ್ಣು ಕರು ಅದು. ಹುಟ್ಟುವಾಗ ತೂಕ 32 ಕಿಲೋ. ಹೋರಿಯ ಪಾಲು ಏನೂ ಇಲ್ಲ. ದನವೊಂದರ ಮೈಯಿಂದ ತೆಗೆದ ಜೀವಕೋಶದಿಂದ ಆದ ತದ್ರೂಪಿ, ಅಂದರೆ ಕ್ಲೋನ್.

ನನಗೆ ಬರುವ ಪತ್ರ ಸಾಮಾನ್ಯವಾಗಿ ಕೆಚ್ಚಲು ಬಾವು, ಉಣ್ಣಿ, ಹಾಲು ಕಡಿಮೆ, ಇಷ್ಟರ ಬಗ್ಗೆಯೇ. ಈ ಸಲ ಬಂದ ಪತ್ರಗಳೆಲ್ಲ ಕ್ಲೋನಿಂಗ್ ಮೇಲೆ. ಹಾಗಾಗಿ ಉಣ್ಣಿಯವರು ಮುಂದಿನ ತಿಂಗಳವರೆಗೆ ಕಾಯಬೇಕು. ಅಷ್ಟರವರೆಗೆ ಹಟ್ಟಿಯ ಗೋಡೆಯ ಬಿರುಕುಗಳಿಗೆ ಸುಣ್ಣ ಬಳಿದಿಡಿ.

*

"ನಮ್ಮ ಹಟ್ಟಿಯಲ್ಲಿ ಊರಿನ ಗಿಡ್ಡ ತಳಿಯ ಒಂದು ದನ ಇದೆ, ಗೌರಿ ಅಂತ ಹೆಸರು. ಹದಿನೇಳು ವರ್ಷ ದಾಟಿತು. ತಾಯಿ ಸತ್ತ ಕರು, ಅಜ್ಜಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಈಗ ಅಜ್ಜಿ ಇಲ್ಲ. ಗೌರಿಗೂ ಹಲ್ಲು ಸವೆದು ಬೈಹುಲ್ಲು ಅಗಿಯಲಿಕ್ಕೆ ಆಗುವುದಿಲ್ಲ. ಇದನ್ನು ಕ್ಲೋನ್ ಮಾಡಿಸಬಹುದಾ? ಸತ್ತಾಗ ಕಿವಿಯ ತುಂಡು ಕತ್ತರಿಸಿ ಫ್ರಿಜ್‌ನಲ್ಲಿ ಇಟ್ಟರೆ ಸಾಕಾ? ಅದು ಆಗದಿದ್ದರೆ ಈ ತಳಿ ಉಳಿಸಲು ಬೇರೆ ದಾರಿ ಏನು? ಗೌರಿಯ ಮಗಳೊಂದು ಇದೆ. ಮೂರು ಸಲ ಬೀಜದ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಂತಿಲ್ಲ."
– ಕೃಷಿಕರು, ಪೆರ್ಲ

ಅಣ್ಣ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ. ಗೌರಿಯ ಮಗಳ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಕಿವಿ ಮತ್ತು ಫ್ರಿಜ್.

ಐಸ್ ಆಗುವ ಖಾನೆಯಲ್ಲಿ ಮಾತ್ರ ಇಡಬೇಡಿ. ಟೊಮೆಟೊ ಅಲ್ಲಿಟ್ಟು ಹೊರಗೆ ತೆಗೆದರೆ ಏನಾಗುತ್ತದೆ ನೋಡಿದ್ದೀರಲ್ವಾ? ಮೆತ್ತಗಾಗಿ ನೀರು ಬಿಡುತ್ತದೆ. ಒಳಗಿನ ನೀರು ಹರಳುಗಟ್ಟಿ ಜೀವಕೋಶವನ್ನೆಲ್ಲ ಒಡೆದು ಹಾಕಿರುತ್ತದೆ. ಕಿವಿಯ ಚರ್ಮದ ಪಾಡೂ ಅದೇ. ಲ್ಯಾಬಿನವರು ಮಾಡುವ ಕ್ರಮ ಬೇರೆ. ದನ ಬದುಕಿರುವಾಗಲೇ ಕಿವಿಯ ಕೂದಲು ಬೋಳಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಸಣ್ಣ ಚೂರು ಚರ್ಮ ತೆಗೆಯುತ್ತಾರೆ. ಪೋಷಕಾಂಶ ಇರುವ ದ್ರವದಲ್ಲಿ ಹಾಕಿ ತಣ್ಣಗೆ, ಆದರೆ ಹೆಪ್ಪುಗಟ್ಟದ ಹಾಗೆ ಒಯ್ಯುತ್ತಾರೆ. ತಟ್ಟೆಯಲ್ಲಿ ಜೀವಕೋಶ ಬೆಳೆಸುತ್ತಾರೆ. ಆಮೇಲೆ ಹರಳುಗಟ್ಟದಂತೆ ತಡೆಯುವ ಔಷಧ ಸೇರಿಸಿ, ನಿಧಾನಕ್ಕೆ ತಣಿಸಿ, ದ್ರವ ಸಾರಜನಕದ ಜಾಡಿಯಲ್ಲಿ ಮುಳುಗಿಸಿಡುತ್ತಾರೆ. ಅಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ.

ಆ ಜಾಡಿ ನಿಮಗೆ ಹೊಸತಲ್ಲ. ನಾನು ಸರ್ವೀಸಿನಲ್ಲಿದ್ದಾಗ ಬೈಕಿನ ಹಿಂದೆ ಕಟ್ಟಿಕೊಂಡು ನಿಮ್ಮ ಅಂಗಳಕ್ಕೆಲ್ಲ ಬರುತ್ತಿದ್ದದ್ದು ಅದನ್ನೇ. ಮುಚ್ಚಳ ತೆಗೆದ ಕೂಡಲೇ ಬಿಳಿ ಹೊಗೆ ಇಳಿಯುತ್ತದೆ. ಮಕ್ಕಳು ಆಟ ಬಿಟ್ಟು ಓಡಿ ಬರುತ್ತಿದ್ದರು. ಅದರೊಳಗಿನ, ಹೋರಿಯ ಬೀಜ (ವೀರ್ಯ) ತುಂಬಿದ ಕಡ್ಡಿಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ವರ್ಷಗಟ್ಟಲೆ ಮಲಗಿದ್ದ ಬೀಜ ಎದ್ದು ಓಡುತ್ತದೆ. ಎಷ್ಟು ಸಾವಿರ ಸಲ ಮಾಡಿದ್ದೇನೋ, ಆ ಹೊಗೆ ನೋಡುವಾಗ ನನಗೆ ಈಗಲೂ ಖುಷಿಯೇ.

ಮಾಮೂಲಿ ಫ್ರೀಜರ್‌ನಿಂದಲೂ ಒಂದು ಸಲ ಆದದ್ದುಂಟು. 2008ರಲ್ಲಿ ಜಪಾನಿನ ತೆರುಹಿಕೊ ವಾಕಾಯಾಮ ಅವರ ತಂಡ 16 ವರ್ಷ ಹೆಪ್ಪುಗಟ್ಟಿ ಬಿದ್ದಿದ್ದ ಇಲಿಯಿಂದ ಕ್ಲೋನ್ ಮಾಡಿತು. ಅದೂ ಸುತ್ತುದಾರಿಯಲ್ಲಿ, ಇಲಿಯಲ್ಲಿ. ದನಕ್ಕೆ ಅದನ್ನು ನಂಬಿ ಕೂರಬೇಡಿ.

ಇನ್ನು ಮಾಡಿಸಬಹುದಾ ಅಂತ. ವಿದ್ಯೆ ನಮ್ಮ ದೇಶದಲ್ಲೇ ಇದೆ. ಗಂಗಾಳಿಗೆ ಮೂರು ದನ ಬೇಕಾಯಿತು. ಅಂಡ ಸಾಹಿವಾಲ್ ದನದ್ದು. ಆ ಅಂಡದ ಒಳಗಿನ ತಿರುಳು, ಅಂದರೆ ವಂಶವಾಹಿಗಳಿರುವ ಭಾಗವನ್ನು ತೆಗೆದು ಹಾಕಿದರು. ಅದಕ್ಕೆ ಗಿರ್ ದನದ ಮೈಯ ಜೀವಕೋಶ ಸೇರಿಸಿದರು. ಏಳೆಂಟು ದಿನ ತಟ್ಟೆಯಲ್ಲಿ ಬೆಳೆದ ಭ್ರೂಣವನ್ನು ಹೊತ್ತು ಹೆತ್ತದ್ದು ಒಂದು ಮಿಶ್ರತಳಿ ದನ. ಆದರೆ ಅದು ಸಂಶೋಧನೆಯ ಜಾಗ. ಮನೆಯ ದನದ ಕಿವಿ ಕೊಟ್ಟು ಚೀಟಿ ತೆಗೆದುಕೊಂಡು ಬರುವ ಅಂಗಡಿ ಅಲ್ಲ.

ಹುಟ್ಟಿತು ಅಂತಲೇ ಇಟ್ಟುಕೊಳ್ಳಿ. ಅದು ಗೌರಿಯಾ? ವಂಶವಾಹಿಗಳ ಲೆಕ್ಕದಲ್ಲಿ ಹೌದು, ಹತ್ತಿರ ಹತ್ತಿರ ಪೂರ್ತಿ. ಸ್ವಲ್ಪ ಪಾಲು ಮಾತ್ರ ಅಂಡ ಕೊಟ್ಟ ದನದಿಂದ ಬರುತ್ತದೆ. ಆದರೆ ಗೌರಿ ಸಂಜೆ ಅಡುಗೆಮನೆಯ ಕಿಟಕಿಗೆ ಮೂತಿ ತಂದು ನಿಲ್ಲುತ್ತಾಳೆ ಅಂತ ಪತ್ರದ ಬದಿಯಲ್ಲಿ ಬರೆದಿದ್ದೀರಿ. ಅದನ್ನು ಕಲಿಸಿದ್ದು ನಿಮ್ಮ ಅಜ್ಜಿಯ ಹಾಲಿನ ಬಾಟಲಿ. ಅದು ಕಿವಿಯ ಚರ್ಮದಲ್ಲಿ ಸಿಗುವುದಿಲ್ಲ.

*

"ಡಾಲಿ ಕುರಿಯೇ ಮೊದಲ ಕ್ಲೋನ್ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಸರ್ ಮಾತ್ರ ಕಪ್ಪೆ ಮೊದಲು ಅನ್ನುತ್ತಾರೆ. ಯಾವುದು ಸರಿ? ಡಾಲಿ ಹುಟ್ಟುವಾಗಲೇ ಮುದುಕಿಯಾಗಿದ್ದಳು ಅನ್ನುವುದು ನಿಜವೇ?"
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಾಸರಗೋಡು

ನಿಮ್ಮ ಸರ್ ಸರಿ. ಇಂಗ್ಲೆಂಡಿನ ಜಾನ್ ಗರ್ಡನ್ 1950ರ ದಶಕದ ಕೊನೆ, 60ರ ಮೊದಲ ವರ್ಷಗಳಲ್ಲೇ ಗೊದಮೊಟ್ಟೆಯ ಕರುಳಿನ ಜೀವಕೋಶದಿಂದ ಕಪ್ಪೆ ಮಾಡಿ ತೋರಿಸಿದ್ದರು. ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ ಅವರು 250 ಹುಡುಗರಲ್ಲಿ 250ನೆಯವರಂತೆ. 2012ರಲ್ಲಿ ನೊಬೆಲ್ ಬಂತು. ಪರೀಕ್ಷೆ ಹತ್ತಿರ ಇದ್ದರೆ ಈ ಸಾಲನ್ನು ಮನೆಯಲ್ಲಿ ಓದಿ ಹೇಳಬೇಡಿ.

ಡಾಲಿಯ ಹೆಚ್ಚುಗಾರಿಕೆ ಬೇರೆ. ಬೆಳೆದ ಪ್ರಾಣಿಯ ಮೈಯ ಜೀವಕೋಶದಿಂದ ಹುಟ್ಟಿದ ಮೊದಲ ಸಸ್ತನಿ ಅವಳು. 1996ರ ಜುಲೈ 5, ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ರೋಸ್ಲಿನ್ ಸಂಸ್ಥೆ, ಇಯಾನ್ ವಿಲ್ಮಟ್ ಮತ್ತು ಕೀತ್ ಕ್ಯಾಂಪ್‌ಬೆಲ್ ಅವರ ತಂಡ. ಆರು ವರ್ಷದ ಕುರಿಯ ಕೆಚ್ಚಲಿನ ಜೀವಕೋಶ. ಆ ಕುರಿ ಆಗಲೇ ಸತ್ತಿತ್ತು, ಜೀವಕೋಶ ಮಾತ್ರ ಶೈತ್ಯದಲ್ಲಿ ಉಳಿದಿತ್ತು. ಕೆಚ್ಚಲಿನದ್ದು ಅನ್ನುವ ಕಾರಣಕ್ಕೆ, ತುಂಬು ಎದೆಗೆ ಹೆಸರಾದ ಗಾಯಕಿ ಡಾಲಿ ಪಾರ್ಟನ್ ಹೆಸರಿಟ್ಟರು. ಗಂಡಸರ ಲ್ಯಾಬಿನ ತಮಾಷೆ, ನನಗೇನೂ ರುಚಿಸಲಿಲ್ಲ.

ಇದು ಯಾಕೆ ಅಷ್ಟು ದೊಡ್ಡ ಸಂಗತಿ? ನಮ್ಮ ಕಡೆಯವರಿಗೆ ಒಂದು ರೀತಿಯಲ್ಲಿ ಇದು ದಿನನಿತ್ಯದ ಕೆಲಸ. ಕರಿಮುಂಡ ಮೆಣಸಿನ ಬಳ್ಳಿಯ ತುಂಡು ನೆಟ್ಟರೆ ಅದೇ ಕರಿಮುಂಡ ಬರುತ್ತದೆ. ಅದೂ ಕ್ಲೋನೇ. ಆದರೆ ಅಡಿಕೆ ಮರದ ತುಂಡು ನೆಟ್ಟು ನೋಡಿ! ಬೇಲಿ ಗೂಟ ಆಗುತ್ತದೆ ಅಷ್ಟೆ. ಕಾಸರಗೋಡಿನ ನಮ್ಮ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐಯವರು ಎಳೆ ಹಿಂಗಾರದ ಚೂರನ್ನು ಬಾಟಲಿಯಲ್ಲಿ ಸಾಕಿ ಅಡಿಕೆ ಗಿಡ ಮಾಡುವ ಕ್ರಮ ಕಂಡುಹಿಡಿದರು. ಹೂವಾಗಬೇಕಾದ್ದನ್ನು ಇಡೀ ಗಿಡವಾಗು ಅಂತ ಒಪ್ಪಿಸುವ ಕೆಲಸ ಅದು. ಸಸ್ತನಿಯಲ್ಲಿ ಹೀಗೆ ಒಪ್ಪಿಸುವುದು ಆಗದ ಮಾತು ಅಂತಲೇ ತುಂಬ ಜನ ನಂಬಿದ್ದರು.

ಕುಂಬಳೆ ಸೀಮೆಯವರಿಗೆ ಯಕ್ಷಗಾನದಲ್ಲಿ ಹೇಳಿದರೆ ಬೇಗ ಹೊಕ್ಕೀತು. ಮೈಯ ಒಂದೊಂದು ಜೀವಕೋಶಕ್ಕೂ ಇಡೀ ಪ್ರಸಂಗ ಬಾಯಿಪಾಠ. ಆದರೆ ಒಂದೊಂದಕ್ಕೂ ಒಂದೊಂದು ವೇಷ ಕಟ್ಟಿಯಾಗಿದೆ. ಕೆಚ್ಚಲಿನ ಜೀವಕೋಶ ಮೂವತ್ತು ವರ್ಷ ಸ್ತ್ರೀವೇಷವನ್ನೇ ಮಾಡಿದ ಕಲಾವಿದರ ಹಾಗೆ. ಉಳಿದ ಪದ್ಯಗಳು ತಲೆಯಲ್ಲಿವೆ, ಅದಕ್ಕೆ ಬೇಕಾಗಿಲ್ಲ. ಕ್ಲೋನಿಂಗ್‌ನಲ್ಲಿ ಆ ಜೀವಕೋಶವನ್ನು ತಿರುಳು ತೆಗೆದ ಅಂಡದ ಜೊತೆ ಸೇರಿಸಿ, ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಎರಡೂ ಬೆಸೆದು ಒಂದಾಗುತ್ತವೆ. ಆಮೇಲೆ ಅಂಡದ ರಸವೇ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಕೆಲವೇ ಗಂಟೆಗಳಲ್ಲಿ ಅಲ್ಲಿ ಹಳೆಯ ಬಣ್ಣ ಪೂರ್ತಿ ಒರೆಸಬೇಕು. ಮೂವತ್ತು ವರ್ಷದ ಸ್ತ್ರೀವೇಷವನ್ನು ಮತ್ತೆ ಕೋಡಂಗಿಯಿಂದ ಶುರು ಮಾಡಿಸಬೇಕು. ಕೋಡಂಗಿ, ಬಾಲಗೋಪಾಲ, ಆಮೇಲೆ ಒಂದೊಂದೇ ವೇಷ, ಬೆಳಗಿನವರೆಗೆ. ಕಿವಿಯ ಹಿಂದೆ ಸ್ವಲ್ಪ ಬಣ್ಣ ಉಳಿದರೂ ಮುಂದೆ ಎಲ್ಲೋ ತಾಳ ತಪ್ಪುತ್ತದೆ. ತಪ್ಪುವುದೇ ಜಾಸ್ತಿ. ರೋಸ್ಲಿನ್‌ನಲ್ಲಿ ಹೀಗೆ ಬೆಸೆದ ಅಂಡ 277. ಕುರಿಯ ಹೊಟ್ಟೆಗೆ ಹಾಕುವ ಹಂತಕ್ಕೆ ಬಂದ ಭ್ರೂಣ 29. ಹೊತ್ತ ಕುರಿಗಳು 13. ಹುಟ್ಟಿದ್ದು ಡಾಲಿ ಒಬ್ಬಳೇ.

ಮುದುಕಿಯ ವಿಷಯ. ಡಾಲಿಗೆ ಚಿಕ್ಕ ವಯಸ್ಸಿಗೇ ಸಂಧಿವಾತ ಬಂತು. ಆರೂವರೆ ವರ್ಷಕ್ಕೆ, 2003ರ ಫೆಬ್ರುವರಿ 14ರಂದು, ಶ್ವಾಸಕೋಶದ ಗೆಡ್ಡೆಯಿಂದಾಗಿ ಅವಳಿಗೆ ದಯಾಮರಣ ಕೊಟ್ಟರು. ಜೀವಕೋಶದ ವಯಸ್ಸೂ ಸೇರಿಸಿ ಹನ್ನೆರಡು ಅಂತ ಪತ್ರಿಕೆಗಳು ಲೆಕ್ಕ ಹಾಕಿದವು. ಆದರೆ ಆ ಗೆಡ್ಡೆ ಕುರಿಗಳಲ್ಲಿ ವೈರಸ್‌ನಿಂದ ಬರುವಂಥದ್ದು, ಕ್ಲೋನ್ ಅಲ್ಲದ ಕುರಿಗೂ ಬರುತ್ತದೆ. ಅದೇ ಕೆಚ್ಚಲಿನ ಜೀವಕೋಶಗಳಿಂದ ಆಮೇಲೆ ಮಾಡಿದ ನಾಲ್ಕು ತಂಗಿಯರನ್ನು ನಾಟಿಂಗ್‌ಹ್ಯಾಮ್‌ನಲ್ಲಿ ಸಾಕಿದ್ದರು. 2016ರಲ್ಲಿ ಅವರ ಕೀಲು, ರಕ್ತದೊತ್ತಡ, ಸಕ್ಕರೆ ಎಲ್ಲ ಪರೀಕ್ಷೆ ಮಾಡಿದಾಗ ಆ ವಯಸ್ಸಿನ ಬೇರೆ ಕುರಿಗಳಷ್ಟೇ ಗಟ್ಟಿ ಇದ್ದರು. ಹುಟ್ಟಿ ಗಟ್ಟಿಯಾಗಿ ನಿಂತ ಕ್ಲೋನ್ ಚೆನ್ನಾಗಿಯೇ ಬಾಳಬಹುದು. ಕಷ್ಟವೆಲ್ಲ ಹುಟ್ಟುವುದಕ್ಕೆ ಮೊದಲು, ಹುಟ್ಟಿದ ವಾರದೊಳಗೆ.

*

"ಕ್ಲೋನ್ ಆದ ಕರುವಿನ ಫೋಟೋ ಎಲ್ಲರೂ ಹಾಕುತ್ತಾರೆ. ಹೊತ್ತ ದನದ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೆ ಏನೂ ತೊಂದರೆ ಆಗುವುದಿಲ್ಲವಾ?"
– ಸೊಸೈಟಿಗೆ ಹಾಲು ಹಾಕುವ ಗೃಹಿಣಿ, ಮುಳ್ಳೇರಿಯ

ಅಕ್ಕ, ಬಂದ ಪತ್ರಗಳಲ್ಲಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ನಿಮ್ಮದೇ.

ತೊಂದರೆ ಆಗುತ್ತದೆ. ದನಗಳಲ್ಲಿ ಹೊಟ್ಟೆಗೆ ಹಾಕಿದ ಕ್ಲೋನ್ ಭ್ರೂಣಗಳಲ್ಲಿ ಕರುವಾಗಿ ಉಳಿಯುವುದು ನೂರಕ್ಕೆ ಕೆಲವು ಮಾತ್ರ. ತುಂಬ ಕಡೆ ಒಂದಂಕಿ ದಾಟುವುದಿಲ್ಲ. ಉಳಿದವು ಕೆಲವು ಶುರುವಿನಲ್ಲೇ ಕರಗುತ್ತವೆ, ಕೆಲವು ಆರು ಏಳು ತಿಂಗಳಿಗೆ ಕಂದು ಹಾಕುತ್ತವೆ. ಮುಖ್ಯ ಕೆಡುವುದು ಮಾಸು. ದನದ ಮಾಸನ್ನು ನೀವು ನೋಡಿಯೇ ಇರುತ್ತೀರಿ, ಅದರಲ್ಲಿ ಗುಂಡಿಗಳ ಹಾಗೆ ಕೆಂಪು ಗಂಟುಗಳಿರುತ್ತವಲ್ಲ? ಸಾಮಾನ್ಯವಾಗಿ 70ರಿಂದ 120. ತಾಯಿಯಿಂದ ಕರುವಿಗೆ ಊಟ ಹೋಗುವ ಬಾಗಿಲು ಅವು. ಕ್ಲೋನ್ ಗಬ್ಬದಲ್ಲಿ ಎಷ್ಟೋ ಸಲ ಗಂಟುಗಳು ಕಡಿಮೆ ಇರುತ್ತವೆ, ಇದ್ದವು ಊದಿಕೊಂಡಿರುತ್ತವೆ. ಗರ್ಭದಲ್ಲಿ ನೀರು ತುಂಬಿ ತಾಯಿಯ ಹೊಟ್ಟೆ ಕಡಾಯಿಯ ಹಾಗೆ ಉಬ್ಬುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಗಳ ಗುರುತು ಅಳಿಸಿಹೋಗಿ ಕರು ಅಳತೆ ಮೀರಿ ಬೆಳೆಯುತ್ತದೆ. ಸಹಜ ಹೆರಿಗೆ ಆಗುವುದಿಲ್ಲ, ಹೊಟ್ಟೆ ಕುಯ್ಯಬೇಕಾಗುತ್ತದೆ. ಹುಟ್ಟಿದ ಮೇಲೂ ಕೆಲವಕ್ಕೆ ಶ್ವಾಸಕೋಶ ಸರಿಯಾಗಿ ಬಿಚ್ಚುವುದಿಲ್ಲ. ಕರ್ನಾಲದಲ್ಲೇ 2009ರ ಫೆಬ್ರುವರಿಯಲ್ಲಿ ಹುಟ್ಟಿದ ಮೊದಲ ಕ್ಲೋನ್ ಎಮ್ಮೆಕರು ಒಂದು ವಾರವೂ ಬದುಕಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ ಬಾಳಿತು.

ಹೊಟ್ಟೆಗೆ ಮೀರಿದ ಕರು ಅಂದರೆ ಏನು ಅಂತ ನನಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

1994ರ ಆಟಿ ತಿಂಗಳು. ಆಗ ನಮಗೆಲ್ಲ ಜರ್ಸಿ ಹುಚ್ಚು. ಹಾಲು ಜಾಸ್ತಿ ಆಗಬೇಕು, ಇಂಜೆಕ್ಷನ್ ಕೊಟ್ಟ ಲೆಕ್ಕ ತೋರಿಸಬೇಕು. ಒಂದು ಮನೆಯ ಗಿಡ್ಡ ದನಕ್ಕೆ ಜರ್ಸಿ ಬೀಜ ಹಾಕಿದ್ದೆ. ಬೆನ್ನು ನನ್ನ ಸೊಂಟದ ಹತ್ತಿರ ಬರುತ್ತಿತ್ತು, ಅಷ್ಟು ಚಿಕ್ಕ ದನ, ಅದೂ ಮೊದಲ ಕರು. ಮನೆಯ ಯಜಮಾನರು 'ಡಾಕ್ಟ್ರೇ, ಇದಕ್ಕೆ ತಡೆಯುತ್ತಾ?' ಅಂತ ಕೇಳಿದ್ದರು. ತಡೆಯುತ್ತದೆ ಅಂದಿದ್ದೆ.

ರಾತ್ರಿ ಎರಡು ಗಂಟೆಗೆ ಕರೆಯಲು ಬಂದರು. ಮಳೆ ಅಂದರೆ ಮಳೆ. ಹಟ್ಟಿಯಲ್ಲಿ ಸೊಪ್ಪಿನ ಮೇಲೆ ದನ ಅಡ್ಡ ಬಿದ್ದಿತ್ತು. ಲಾಟೀನು ಹತ್ತಿರ ಹಿಡಿದು ನೋಡಿದೆ. ಎರಡು ಮುಂಗಾಲು ಹೊರಗೆ ಬಂದಿವೆ, ಮೂತಿ ಬಂದಿಲ್ಲ. ಗಿಡ್ಡ ದನದ ಕರುವಿನ ಗೊರಸು ಎರಡು ಅಡಿಕೆ ಜೋಡಿಸಿಟ್ಟಷ್ಟು ಇರುತ್ತದೆ. ಇದು ನನ್ನ ಮುಷ್ಟಿಯಷ್ಟಿತ್ತು. ಗೊರಸು ನೋಡಿದಾಗಲೇ ನನಗೆ ಗೊತ್ತಾಯಿತು. ತೆಂಗಿನೆಣ್ಣೆ ಸುರಿದು ಕೈ ಹಾಕಿದೆ. ಕರುವಿನ ಹಣೆ ತಾಯಿಯ ಮೂಳೆಗೆ ತಾಗಿ ಗಚ್ಚಾಗಿ ನಿಂತಿತ್ತು, ಬೆರಳು ತೂರಲಿಕ್ಕೂ ಜಾಗ ಇರಲಿಲ್ಲ. ದನ ಮುಕ್ಕಿದಾಗಲೆಲ್ಲ ನನ್ನ ಮಣಿಕಟ್ಟು ಆ ಎರಡು ಎಲುಬುಗಳ ನಡುವೆ ಸಿಕ್ಕಿ ಜೋಮು ಹಿಡಿಯುತ್ತಿತ್ತು. ಹಗ್ಗ ಕಟ್ಟಿ ಮೂರು ಜನ ಎಳೆದೆವು. ಬೆಳಗ್ಗೆ ಐದರ ಹೊತ್ತಿಗೆ ಕರು ಬಂತು, ಸತ್ತು. ದನ ಮತ್ತೆ ಏಳಲಿಲ್ಲ. ಮೂರನೆಯ ದಿನ ಹೋಯಿತು. ಯಜಮಾನರು ಒಂದು ಮಾತು ಆಡಲಿಲ್ಲ. ಕೈ ತೊಳೆಯಲು ಬಿಸಿನೀರು ತಂದುಕೊಟ್ಟರು.

ತಪ್ಪು ನನ್ನದು, ಬೇರೆ ಯಾರದೂ ಅಲ್ಲ. ಅದಕ್ಕೇ ಕ್ಲೋನಿಂಗ್ ಸುದ್ದಿ ಬಂದಾಗ ಎಷ್ಟನೆಯ ಕರು ಅನ್ನುವುದಕ್ಕಿಂತ ಎಷ್ಟು ಹೊಟ್ಟೆ ಅಂತ ನಾನು ಮೊದಲು ಹುಡುಕುತ್ತೇನೆ. ಇತ್ತೀಚೆಗೆ ಅಂಡದೊಳಗೆ ಬಣ್ಣ ಒರೆಸುವ ಕೆಲಸಕ್ಕೆ ಸಹಾಯ ಮಾಡುವ ಔಷಧಗಳು ಬಂದಿವೆ. ಚೀನಾದವರು 2018ರ ಜನವರಿಯಲ್ಲಿ ಸುದ್ದಿ ಮಾಡಿದ ಎರಡು ಮಂಗಗಳು, ಝೋಂಗ್ ಝೋಂಗ್ ಮತ್ತು ಹುವಾ ಹುವಾ, ಹುಟ್ಟಿದ್ದು ಅಂಥ ಸಹಾಯದಿಂದಲೇ. ಅವೂ ಬೆಳೆದ ಮಂಗದ್ದಲ್ಲ, ಗರ್ಭದೊಳಗಿನ ಮರಿಯ ಜೀವಕೋಶದಿಂದ ಬಂದವು.

*

"ನಮ್ಮ ನಾಯಿ ಹೋಗಿ ಎರಡು ತಿಂಗಳಾಯಿತು. ಹೊರದೇಶದಲ್ಲಿ ನಾಯಿಯನ್ನು ಕ್ಲೋನ್ ಮಾಡಿ ಕೊಡುತ್ತಾರಂತೆ. ಗಲ್ಫ್‌ನಲ್ಲಿರುವ ಮಗ ದುಡ್ಡು ಕೊಡುತ್ತೇನೆ ಅನ್ನುತ್ತಾನೆ."
– ನಿವೃತ್ತ ಅಧ್ಯಾಪಕಿ, ಉಪ್ಪಳ

ಟೀಚರ್, ಕೊಡುತ್ತಾರೆ. ಅಮೆರಿಕದಲ್ಲಿ 50,000 ಡಾಲರ್ ಆಸುಪಾಸು. ಆದರೆ ಜೀವಕೋಶ ತೆಗೆದಿಟ್ಟಿರಬೇಕಿತ್ತು, ಎರಡು ತಿಂಗಳಾದ ಮೇಲೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಮಗನ ದುಡ್ಡು ಉಳಿಯಿತು.

ಸಮಾಧಾನಕ್ಕೆ ಎರಡು ವಿಷಯ ಹೇಳುತ್ತೇನೆ. ಮೊದಲ ಕ್ಲೋನ್ ನಾಯಿ ಸ್ನಪ್ಪಿ 2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹುಟ್ಟಿತು. ಅದಕ್ಕಾಗಿ 1,095 ಭ್ರೂಣಗಳನ್ನು 123 ನಾಯಿಗಳ ಹೊಟ್ಟೆಗೆ ಹಾಕಿದ್ದರು. ನಾಯಿಯನ್ನು ಪ್ರೀತಿಸುವವರಿಗೆ ಆ 123 ಅನ್ನುವ ಲೆಕ್ಕ ಗಂಟಲಲ್ಲಿ ಇಳಿಯುವುದಿಲ್ಲ. ಎರಡನೆಯದು, ಅಮೆರಿಕದ ಟೆಕ್ಸಾಸ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕು, 'ಸಿಸಿ'. ಅದರ ಮೂಲ ಬೆಕ್ಕು ರೇನ್‌ಬೋಗೆ ಬಿಳಿ, ಕಪ್ಪು, ಕಿತ್ತಳೆ ಮೂರು ಬಣ್ಣದ ಪಟ್ಟೆ. ಸಿಸಿಗೆ ಕಿತ್ತಳೆ ಬಣ್ಣವೇ ಬರಲಿಲ್ಲ! ಆ ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುತ್ತದೆ. ಹೆಣ್ಣು ಬೆಕ್ಕಿನ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಬಾಯಿ ಮುಚ್ಚಿ ಕೂತಿರುತ್ತದೆ. ಸಿಸಿಗೆ ಮೂಲವಾದ ಜೀವಕೋಶದಲ್ಲಿ ಮುಚ್ಚಿಕೊಂಡದ್ದು ಕಿತ್ತಳೆಯದ್ದು. ನಿಮ್ಮ ನಾಯಿಯ ಹಣೆಯ ಮಚ್ಚೆ ಅದೇ ಜಾಗದಲ್ಲಿ ಬರುತ್ತದೆ ಅಂತ ಯಾವ ಕಂಪನಿಯವರೂ ಬರೆದುಕೊಡಲಾರರು. ಅಂದಹಾಗೆ ಸಿಸಿ ಹದಿನೆಂಟು ವರ್ಷ ಆರಾಮವಾಗಿ ಬಾಳಿತು.

*

"ರಾತ್ರಿ ತೋಟಕ್ಕೆ ಕಾಟಿ (ಕಾಡುಕೋಣ) ಬರುತ್ತದೆ. ಇನ್ನು ಅದನ್ನೂ ಕ್ಲೋನ್ ಮಾಡಿ ಜಾಸ್ತಿ ಮಾಡುತ್ತಾರಾ ಅಂತ ಹೆಂಡತಿ ಕೇಳುತ್ತಾಳೆ."
– ಅಡಿಕೆ ಬೆಳೆಗಾರರು, ಅಡೂರು

ಹೆದರಿಕೆ ಬೇಡ, ಆದರೆ ಅತ್ತಿಗೆಯವರ ಪ್ರಶ್ನೆ ತಮಾಷೆಯದ್ದಲ್ಲ. ಕಾಟಿಯನ್ನು ಕ್ಲೋನ್ ಮಾಡಿಯಾಗಿದೆ. ಎಂಟು ವರ್ಷ ಶೈತ್ಯದಲ್ಲಿದ್ದ ಗಂಡು ಕಾಟಿಯ ಚರ್ಮದ ಜೀವಕೋಶ, ಮಾಮೂಲಿ ದನದ ಅಂಡ, ಮಾಮೂಲಿ ದನದ ಹೊಟ್ಟೆ. 2001ರ ಜನವರಿಯಲ್ಲಿ ಅಮೆರಿಕದಲ್ಲಿ ಹುಟ್ಟಿತು, ಹೆಸರು ನೋವಾ. ಎದ್ದು ನಿಂತಿತು. ಎರಡೇ ದಿನಕ್ಕೆ ಭೇದಿ ಆಗಿ ಸತ್ತಿತು. ಅದು ಕ್ಲೋನಿಂಗ್‌ನ ದೋಷವಲ್ಲ, ಸೋಂಕು ಅಂತ ಮಾಡಿದವರು ಹೇಳಿದರು. ಎಳೆ ಕರುವಿನ ಭೇದಿ ಎಷ್ಟು ಬೇಗ ಕೊಲ್ಲುತ್ತದೆ ಅಂತ ನಮ್ಮ ಹಟ್ಟಿಗಳಲ್ಲಿ ಗೊತ್ತಿದ್ದದ್ದೇ.

ಇನ್ನೊಂದು ಕತೆ ಪೆರ್ಲದವರೂ ಓದಬೇಕು. ಸ್ಪೇನಿನ ಪಿರಿನೀಸ್ ಬೆಟ್ಟಗಳಲ್ಲಿ ಬುಕಾರ್ಡೊ ಅಂತ ಕಾಡುಮೇಕೆ ಇತ್ತು. ಕೊನೆಗೆ ಉಳಿದದ್ದು ಸೀಲಿಯಾ ಅನ್ನುವ ಒಂದೇ ಹೆಣ್ಣು. 1999ರಲ್ಲಿ ಅದರ ಕಿವಿಯ ಚರ್ಮ ತೆಗೆದಿಟ್ಟರು. 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತು. 2003ರ ಜುಲೈಯಲ್ಲಿ ಅದರ ಕ್ಲೋನ್ ಹುಟ್ಟಿತು. ನಿರ್ನಾಮವಾದ ಪ್ರಾಣಿಯೊಂದು ವಾಪಸು ಬಂದದ್ದು ಅದೇ ಮೊದಲು. ಶ್ವಾಸಕೋಶ ಕೆಟ್ಟಿತ್ತು, ಕೆಲವೇ ನಿಮಿಷಕ್ಕೆ ಸತ್ತಿತು. ಬದುಕಿದ್ದರೆ ತಾನೇ ಏನು? ಇಡೀ ಬೆಟ್ಟದಲ್ಲಿ ಅದಕ್ಕೊಂದು ಗಂಡು ಇರಲಿಲ್ಲ.

ಕ್ಲೋನಿಂಗ್ ನಿಜಕ್ಕೂ ಉಪಕಾರಕ್ಕೆ ಬಂದದ್ದು ಅಮೆರಿಕದ ಕಪ್ಪುಪಾದದ ಫೆರೆಟ್‌ಗೆ, ನಮ್ಮ ಮುಂಗುಸಿಯ ಹಾಗೆ ಕಾಣುವ ಪ್ರಾಣಿ. ಈಗಿರುವ ಅವೆಲ್ಲ ಏಳೇ ಏಳು ಪ್ರಾಣಿಗಳ ಸಂತಾನ, ರಕ್ತಸಂಬಂಧ ಬಿಗಿದುಹೋಗಿದೆ. 1988ರಲ್ಲಿ ಸತ್ತ ವಿಲ್ಲಾ ಅನ್ನುವುದಕ್ಕೆ ಸಂತಾನ ಉಳಿದಿರಲಿಲ್ಲ, ಆದರೆ ಜೀವಕೋಶ ಉಳಿದಿತ್ತು. ಅದರಿಂದ 2020ರ ಡಿಸೆಂಬರ್‌ನಲ್ಲಿ ಎಲಿಜಬೆತ್ ಆ್ಯನ್ ಹುಟ್ಟಿತು. ಅದರ ಕ್ಲೋನ್ ತಂಗಿ ಆಂಟೋನಿಯಾ 2024ರಲ್ಲಿ ಗಂಡಿನ ಜೊತೆ ಕೂಡಿ ಮರಿ ಹಾಕಿತು. ಕಳೆದುಹೋದ ಬೀಜ ವಾಪಸು ಗದ್ದೆಗೆ ಬಂದ ಹಾಗೆ.

*

"ಕ್ಲೋನ್ ದನದ ಹಾಲು ಕುಡಿಯಬಹುದಾ?" – ಕುಂಬಳೆ. ಕುಡಿಯಬಹುದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) 2008ರಲ್ಲೇ ಅದು ಬೇರೆ ಹಾಲಿನಷ್ಟೇ ಸುರಕ್ಷಿತ ಅಂತ ಹೇಳಿದೆ. ಆದರೆ ಅಷ್ಟು ಖರ್ಚು ಮಾಡಿ ಹುಟ್ಟಿಸಿದ ದನವನ್ನು ಯಾರೂ ಸೊಸೈಟಿಗೆ ಹಾಲು ಹಾಕಲಿಕ್ಕೆ ಇಟ್ಟುಕೊಳ್ಳುವುದಿಲ್ಲ. ಹಿಸಾರ್‌ನಲ್ಲಿ 2015ರ ಡಿಸೆಂಬರ್‌ನಲ್ಲಿ ಹುಟ್ಟಿದ 'ಹಿಸಾರ್ ಗೌರವ್' ಮುರ್ರಾ ತಳಿಯ ಕೋಣದ ತದ್ರೂಪಿ. ಒಳ್ಳೆಯ ಕೋಣದ ಬೀಜ ಇನ್ನಷ್ಟು ವರ್ಷ ಸಿಗಲಿ ಅನ್ನುವುದೇ ಅದರ ಉದ್ದೇಶ. ಬಹುಶಃ ನಮ್ಮ ದೇಶದಲ್ಲಿ ಮೊದಲು ಲೆಕ್ಕ ಹೊಂದುವುದು ಈ ಕಡೆಯಿಂದಲೇ.

"ನನ್ನದೇ ಒಂದು ಕ್ಲೋನ್ ಇದ್ದರೆ ಅಡಿಕೆ ಮರಕ್ಕೆ ಹತ್ತಲು ಜನ ಹುಡುಕುವುದು ತಪ್ಪುತ್ತಿತ್ತು." – ನೀರ್ಚಾಲು. ಮನುಷ್ಯರಿಗೆ ಇದನ್ನು ಮಾಡಬಾರದು ಅಂತ ದೇಶದೇಶಗಳು ತಡೆ ಹಾಕಿವೆ. ಮೇಲಿನ ಲೆಕ್ಕ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಅಲ್ಲದೆ ಅದು ಮಗುವಾಗಿ ಹುಟ್ಟಬೇಕು. ಮರ ಹತ್ತುವಷ್ಟು ದೊಡ್ಡದಾಗುವಾಗ ನಿಮಗೆ ಎಪ್ಪತ್ತು. ಆಗ ಅದೂ ಗಲ್ಫ್‌ಗೆ ಹೋಗುತ್ತದೆ.

*

ಈಗ ಪೆರ್ಲದವರ ಎರಡನೆಯ ಪ್ರಶ್ನೆ.

ಬೇರೆ ದಾರಿ ಇದೆಯಾ ಅಂದಿರಿ. ಇದೆ, ಹಳೆಯದ್ದು: ಗಿಡ್ಡ ಹೋರಿ. ಅದು ಅಪರೂಪವಾದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ಕೇರಳದಲ್ಲಿ 1961ರ ಕಾನೂನು ಗೊತ್ತಿರಬಹುದು. ಅದರ ಪ್ರಕಾರ ಪರವಾನಗಿ ಇಲ್ಲದ ಹೋರಿಯನ್ನು ಇಡುವ ಹಾಗಿರಲಿಲ್ಲ, ಬೀಜ ಒಡೆಸಬೇಕಿತ್ತು. ತಳಿ ಸುಧಾರಣೆ ಅಂತ ಮಾಡಿದ್ದು. ಗಿಡ್ಡ ಹೋರಿಗೆ ಪರವಾನಗಿ ಯಾರು ಕೊಡುತ್ತಿದ್ದರು? ಬರ್ಡಿಝೋ ಇಕ್ಕಳ ಹಿಡಿದು ನಾನೇ ಎಷ್ಟೋ ಹಟ್ಟಿಗೆ ಹೋಗಿದ್ದೇನೆ. ದನಗಳು ಉಳಿದವು, ಹೋರಿ ಹೋಯಿತು. ತಳಿ ತೆಳುವಾದದ್ದು ಹಾಗೆ.

ಕೋಟ್ಟಯಂ ಕಡೆಯ ವೆಚ್ಚೂರು ದನಕ್ಕೂ ಅದೇ ಗತಿ ಆಗಿತ್ತು. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯಕೀಯ ಕಾಲೇಜಿನ ಡಾ. ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ತಿರುಗಿ ಉಳಿದ ಕೆಲವನ್ನು ಹುಡುಕಿ ತಂದರು. ಕ್ಲೋನಿಂಗ್ ಇಲ್ಲ, ಏನಿಲ್ಲ. ಹೋರಿ, ದನ, ಒಂದು ಲೆಕ್ಕದ ಪುಸ್ತಕ. ಇವತ್ತು ವೆಚ್ಚೂರು ಇದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೌರಿಯ ಕಿವಿಯ ಚರ್ಮ ತೆಗೆದಿಡುವುದಕ್ಕೆ ನನ್ನ ವಿರೋಧ ಏನೂ ಇಲ್ಲ. ಕರ್ನಾಲದಲ್ಲಿ ಪ್ರಾಣಿ ತಳಿಗಳ ರಾಷ್ಟ್ರೀಯ ಬ್ಯೂರೋ ಹಲವು ತಳಿಗಳ ಬೀಜ, ಜೀವಕೋಶ ಕೂಡಿಡುತ್ತದೆ, ಒಳ್ಳೆಯ ಕೆಲಸ. ಆದರೆ ಗೌರಿಯ ಹತ್ತು ಕ್ಲೋನ್ ಮಾಡಿದರೂ ಹತ್ತು ಸೀಲಿಯಾ ಆಗುತ್ತದೆ.

ಮಗಳು ಗಬ್ಬ ನಿಲ್ಲದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. 'ಬೆದೆ ಕಂಡ ಮರುದಿನ ಮಧ್ಯಾಹ್ನ ಮೃಗಾಸ್ಪತ್ರೆಯಿಂದ ಬಂದು ಹಾಕಿದರು' ಅಂತ ಬರೆದಿದ್ದೀರಿ. ತಡವಾಯಿತು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಗಿಡ್ಡ ದನ ಜರ್ಸಿಯ ಹಾಗೆ ಊರಿಗೆಲ್ಲ ಕೇಳುವಂತೆ ಕೂಗುವುದೂ ಇಲ್ಲ. ಬಾಲದ ಬುಡ ನೋಡಿ, ಕನ್ನಡಿಯ ಹಾಗೆ ಲೋಳೆ ಇಳಿದಿದ್ದರೆ ಅದೇ ಹೊತ್ತು. ಹಾಕಿದ್ದು ಯಾವ ಬೀಜ ಅಂತ ಕೇಳಿದ್ದೀರಾ? ಜರ್ಸಿಯಾಗಿದ್ದರೆ ಮೂರು ಸಲವೂ ನಿಲ್ಲದ್ದು ಅವಳ ಪುಣ್ಯ.

ಹೋರಿ ಬೇಕು, ಗೌರಿಯ ಮಗನಾಗಿರಬಾರದು. ನೀರ್ಚಾಲಿನ ಆಚೆ ಒಂದು ಮನೆಯಲ್ಲಿ ಕಪ್ಪು ಗಿಡ್ಡ ಹೋರಿ ಇದೆ. ಮೂರು ವರ್ಷ, ನಿಮ್ಮ ಕಡೆಯ ಸಂಬಂಧ ಏನೂ ಇಲ್ಲ. ಹೋದ ಭಾನುವಾರ ಹೋಗಿ ನೋಡಿ ಬಂದೆ. ಮನೆಯವರು ದುಡ್ಡು ಬೇಡ ಅಂದರು, ಎರಡು ಕಟ್ಟು ಬೈಹುಲ್ಲು ತಂದರೆ ಸಾಕಂತೆ. ಅವರ ನಂಬರು ನಿಮ್ಮ ವಿಳಾಸಕ್ಕೆ ಬೇರೆ ಕಾರ್ಡಿನಲ್ಲಿ ಬರೆದು ಹಾಕಿದ್ದೇನೆ. ಲೋಳೆ ಕಂಡ ದಿನವೇ ಪಿಕಪ್ ಹೇಳಿ ದನವನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹೋರಿಯನ್ನು ಇಲ್ಲಿಗೆ ತರಿಸುವ ಸಾಹಸ ಬೇಡ. ನೋಡಲಿಕ್ಕೆ ಮೊಣಕಾಲೆತ್ತರ ಅನ್ನಿಸುತ್ತದೆ, ಹೋದ ವರ್ಷ ಅದನ್ನು ಗಾಡಿಗೆ ಹತ್ತಿಸಲು ಹೋದ ನಾಲ್ವರಲ್ಲಿ ಇಬ್ಬರು ಕೆರೆಯಲ್ಲಿದ್ದರಂತೆ.